ಗಾಜುಗಣ್ಣು

ಲೌಷಾದ ಇಳಿಜಾರು ಬೀದಿಯಲ್ಲಿ, ಸ್ಲೇಟುಕಲ್ಲಿನ ಮಾಡಿನ ಕೆಳಗೆ
ನಾನು ಕಣ್ಣು ಮಾಡುತ್ತೇನೆ.
ಬಿಳಿ ಗಾಜಿನ ಕೊಳವೆ, ನೀಲಿ ಉರಿ, ನನ್ನ ಉಸಿರು.
ನೋಟ ಕೊಡಲಾರೆ,
ನೋಡಿದಂತೆ ಕಾಣುವುದನ್ನಷ್ಟೇ ಕೊಡಬಲ್ಲೆ.

ಎದುರಿಗೆ ಕೂತವರ ಉಳಿದೊಂದು ಕಣ್ಣನ್ನು
ಗೇಣು ದೂರದಿಂದ ಒಂದು ಗಂಟೆ ನೋಡಬೇಕು.
ಪಾಪೆಯ ಸುತ್ತ ಹೊಗೆಯಂಥ ಉಂಗುರ,
ಅಂಚಿನಲ್ಲಿ ಜೇನು ಸೋರಿದ ಹಾಗೊಂದು ಕಲೆ,
ಬಿಳುಪಿನಲ್ಲಿ ಕೂದಲಿಗಿಂತ ಸಣ್ಣ ಕೆಂಪು ನರ
ಎಲ್ಲಿ ಕವಲೊಡೆಯಿತು, ಎಲ್ಲಿ ಕಳೆದುಹೋಯಿತು.
ಆಗ ಫೋನು ಬಡಿದುಕೊಂಡರೆ ಬಡಿದುಕೊಳ್ಳಲಿ.
ಉರಿಯಲ್ಲಿ ತಿರುಗುವ ಗಾಜಿಗೆ
"ಇರು, ಬಂದೆ" ಅನ್ನಲಾಗದು.
ಮಗಳಿಗೆ ಅನ್ನಬಹುದು.
ಅಂದೆ. ಹದಿನೇಳು ವರ್ಷ ಅಂದೆ.
ಈಗ ಅವಳು ರೋಸ್ಟಾಕಿನ ಬಂದರಿನಿಂದ ಫೋನು ಮಾಡಿ
ನಾನು ಹಲೋ ಅನ್ನುವ ಮುಂಚೆ ಕೇಳುತ್ತಾಳೆ:
"ಉರಿ ಹಚ್ಚಿದ್ದೀಯಾ, ಆರಿಸಿದ್ದೀಯಾ?"

ಮಾರ್ಚಿಯ ಒಂದು ಬುಧವಾರ ಫೋಲ್ಕಾರ್ಟ್ ಬಂದರು,
ಗರಗಸದ ಮಿಲ್ಲಿನವರು.
ಹಳೆಯದು ಸವೆದಿತ್ತು. ಕಣ್ಣೀರಿಗೆ ಗಾಜೂ ಸವೆಯುತ್ತದೆ.
"ರಾತ್ರಿ ತೆಗೆದಿಡುತ್ತೀರಾ?" ಕೇಳಿದೆ.
"ಇಲ್ಲ. ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ ನೋಡಿ,
ಹೆಂಡತಿ ಅನ್ನುತ್ತಾಳೆ, ನಿನ್ನ ಅರ್ಧ ನಿದ್ದೆ ಮಾಡುತ್ತದೆ,
ಅರ್ಧ ಪಾಳಿಯ ಮೇಲಿರುತ್ತದೆ."
ನಕ್ಕರು. ಆಮೇಲೆ ಸುಮ್ಮನೆ, ಹೊತ್ತು ಕಳೆಯಲಿಕ್ಕೆ:
"ನಿಮ್ಮ ಯಜಮಾನರ ಕಣ್ಣು ಯಾವ ಬಣ್ಣ?"

ನನ್ನ ಬೆನ್ನ ಹಿಂದೆ ಗೋಡೆ ತುಂಬ ಖಾನೆ,
ಖಾನೆಗಳಲ್ಲಿ ಆರುನೂರು ಕಣ್ಣು, ಎಲ್ಲಕ್ಕೂ ನಂಬರು.
ಮಾತು ಹೊರಡಲಿಲ್ಲ.
ಕಂದು ಅನ್ನಲೇ? ಹಸಿರು ಬೆರೆತ ಕಂದೇ?
ಮದುವೆಯ ಫೋಟೊದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾನೆ.
ಕೈಯಲ್ಲಿದ್ದ ಗಾಜು ಟಣ್ಣೆಂದು ಬಿರಿಯಿತು,
ಗಿರಾಕಿಯ ಎದುರೇ.

ಮಧ್ಯಾಹ್ನ ಉರಿ ಆರಿಸಿ, ಬಾಗಿಲಿಗೊಂದು ಚೀಟಿಯನ್ನೂ ಅಂಟಿಸದೆ
ಮನೆಗೆ ಹೋದೆ.
ಓಟ್ಮಾರ್ ಬೆಳಗಿನ ಟ್ರಿಪ್ಪು ಮುಗಿಸಿ ಅಡುಗೆಮನೆಯ ಬೆಂಚಿನ ಮೇಲೆ
ಬೂಟು ಸಮೇತ ಮಲಗಿದ್ದ,
ಬಾಯಿ ತೆರೆದು, ಕಣ್ಣು ಮುಚ್ಚಿ.
"ಏಳು, ನಿನ್ನ ಕಣ್ಣು ನೋಡಬೇಕು" ಅಂದಿದ್ದರೆ
ಹುಚ್ಚು ಹಿಡಿಯಿತೇ ಅನ್ನುತ್ತಿದ್ದ.
ಎದುರು ಕುರ್ಚಿಯಲ್ಲಿ ಕೂತೆ.
ರೆಪ್ಪೆಯ ಕೆಳಗೆ ಏನೋ ಅತ್ತಿತ್ತ ಓಡಾಡುತ್ತಿತ್ತು,
ಅಲ್ಲೂ ಯಾವ ಬಸ್ಸು ಓಡಿಸುತ್ತಿದ್ದನೋ.
ಒಲೆಯ ಮೇಲೆ ಬೇಳೆಯ ಸೂಪು ತಣ್ಣಗಾಗಿತ್ತು.
ಮೇಜಿನ ಮೇಲೆ ಎರಡು ತಟ್ಟೆ.
ದಿನಾ ಎರಡು ಇಡುತ್ತಾನೇನೋ,
ನನಗೇನು ಗೊತ್ತು.
ಅಲ್ಲೇ ತೂಕಡಿಸಿದೆ.

ಎಚ್ಚರವಾದಾಗ ಬೆಂಚು ಖಾಲಿ.
ನನ್ನ ಹೆಗಲ ಮೇಲೆ ಅವನ ಸ್ವೆಟರು.
ಒಂದು ತಟ್ಟೆ ತೊಳೆದಿಟ್ಟಿತ್ತು.

ಕಾಯಿಸಿದ್ದನ್ನು ಬಯಲಲ್ಲಿ ಬಿಡಬೇಡ, ಅಪ್ಪ ಹೇಳುತ್ತಿದ್ದ,
ಮುಚ್ಚಿದ ಡಬ್ಬಿಯಲ್ಲಿ ನಿಧಾನಕ್ಕೆ ಆರಲಿ,
ಇಲ್ಲವಾದರೆ ತಿಂಗಳ ಮೇಲೆ, ಯಾರೂ ಮುಟ್ಟದೆ,
ತಾನೇ ಸೀಳುತ್ತದೆ.
ಗಾಜಿನ ಮಾತೆಂದೇ ಕೇಳಿಸಿಕೊಂಡಿದ್ದೆ.

ಸಂಜೆ ಆರೂಕಾಲಕ್ಕೆ ಅವನ ಬಸ್ಸು ಹತ್ತಿದೆ.
"ಎಲ್ಲಿಗೆ?" ಅಂದ.
"ಕೊನೆಯ ಸ್ಟಾಪಿಗೆ."
"ಅಲ್ಲೇನಿದೆ?"
"ಏನಿಲ್ಲ. ಬಸ್ಸು ತಿರುಗುತ್ತದೆ."
ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು.
ದೀಪದ ಕಂಬ ಬಂದಾಗ ಕಂದು, ದಾಟಿದರೆ ಬರೀ ಕತ್ತಲು;
ಹಿಮ ಕರಗುತ್ತಿದ್ದ ತಿರುವಿನಲ್ಲಿ ಎದುರು ಬಂದ ಲಾರಿಯ ಬೆಳಕಿಗೆ
ಎಡಗಣ್ಣಿನಲ್ಲಿ ಮಾತ್ರ
ಹಸಿರು, ಒಂದೇ ಚುಕ್ಕೆ.
ಆ ಹಸಿರಿಗೆ ನನ್ನ ಖಾನೆಯಲ್ಲಿ ನಂಬರಿಲ್ಲ.
"ಏನು ಹಾಗೆ ನೋಡ್ತೀಯ?"
"ರಸ್ತೆ ನೋಡಿ ಓಡಿಸು," ಅಂದೆ.

ಕೊನೆಯ ಸ್ಟಾಪು. ಎಂಜಿನ್ನು ನಿಲ್ಲಿಸಿದ.
ಏಳು ನಿಮಿಷ ಬಿಡುವು, ಅಂದ,
ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸುತ್ತ.
ಇಬ್ಬರಿಗೂ ಅದೊಂದೇ ಮುಚ್ಚಳ.
ಫೋನು ಬಡಿದುಕೊಂಡಿತು, ಮಗಳದು.
"ಆರಿಸಿದ್ದೇನೆ," ಅಂದೆ, ಅವಳು ಕೇಳುವ ಮುಂಚೆಯೇ.
ನಾಳೆ ಎಂಟಕ್ಕೆ ಫೋಲ್ಕಾರ್ಟ್ ಮತ್ತೆ ಬರುತ್ತಾರೆ, ಹಚ್ಚಬೇಕು,
ಅದು ಬೇರೆ.